ಧೋಂಡಿಯಾ ವಾಘ್‌ನನ್ನು ಟಿವಿಯಲ್ಲಿ ನೋಡುವ ಆಸೆ

1990ರಲ್ಲಿ ದೂರದರ್ಶನದಲ್ಲಿ ಟಿಪ್ಪುವಿನ ಧಾರಾವಾಹಿ ಬರುವಾಗ, ನಮ್ಮೂರು ಹೆಜಮಾಡಿಯಲ್ಲಿ ಟಿವಿ ಇದ್ದವರ ಚಾವಡಿಯಲ್ಲಿ ಕೂರಲು ಜಾಗ ಸಿಗುತ್ತಿರಲಿಲ್ಲ. ಕುದುರೆ, ಫಿರಂಗಿ, ಕೋಟೆ! ಅದರ ಚಿತ್ರೀಕರಣದ ವೇಳೆ, 1989ರಲ್ಲಿ, ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಬೆಂಕಿ ಬಿದ್ದು 60ಕ್ಕೂ ಹೆಚ್ಚು ಜನ ತೀರಿಕೊಂಡರು. ಅವರನ್ನು ನೆನೆಯದೆ ಮುಂದೆ ಹೋಗಲಾರೆ.

ಆಮೇಲೆ ನನ್ನ ಮನಸ್ಸು ಕದ್ದವನು ಬ್ರಿಟಿಷ್ ಧಾರಾವಾಹಿಯ ಶಾರ್ಪ್. ಶಾನ್ ಬೀನ್ ಆಡಿದ ಪಾತ್ರ. ಬೀದಿಯಲ್ಲಿ ಬೆಳೆದ ಸಿಪಾಯಿ, ಬ್ರಿಟಿಷ್ ಸೇನಾನಿ ವೆಲ್ಲೆಸ್ಲಿಯ ಜೀವ ಉಳಿಸಿ ಅಧಿಕಾರಿಯಾಗುತ್ತಾನೆ. ಬಾಯಿ ಒರಟು, ಮೇಲಿನವರಿಗೆ ಸೊಪ್ಪು ಹಾಕುವುದಿಲ್ಲ, ಆದರೆ ತನ್ನ ಜನರನ್ನು ಬಿಟ್ಟು ಓಡುವುದೂ ಇಲ್ಲ. ಅದಕ್ಕೇ ಅವನು ಇಷ್ಟ.

ಅಂಥವನೊಬ್ಬ ನಮ್ಮಲ್ಲೇ ಇದ್ದ. ಚನ್ನಗಿರಿಯ ಧೋಂಡಿಯಾ ವಾಘ್, ಟಿಪ್ಪುವಿನ ತಂದೆ ಹೈದರನ ಸೈನ್ಯದಲ್ಲಿದ್ದ ಸವಾರ. ಟಿಪ್ಪು ಅವನನ್ನು ಸೆರೆಯಲ್ಲಿಟ್ಟಿದ್ದ. 1799ರ ಮೇ 4ರಂದು ಶ್ರೀರಂಗಪಟ್ಟಣ ಬ್ರಿಟಿಷರ ಕೈಗೆ ಬಿದ್ದಾಗ ಸೆರೆಯಿಂದ ಹೊರಬಿದ್ದವನು, ಚದುರಿದ ಸೈನಿಕರನ್ನು ಕೂಡಿಸಿ, ಎರಡು ಲೋಕದ ಒಡೆಯ ಎಂದು ತನ್ನನ್ನೇ ಕರೆದುಕೊಂಡ! ಊರುಗಳನ್ನು ಲೂಟಿಯೂ ಮಾಡಿದ. ಆ ಊರುಗಳ ರೈತರ ಸಂಕಟವನ್ನು ಯಾವ ಕಥೆಯೂ ಮುಚ್ಚಬಾರದು. ಅದೇ ವೆಲ್ಲೆಸ್ಲಿ ತಿಂಗಳುಗಟ್ಟಲೆ ಅವನ ಬೆನ್ನುಹತ್ತಿ, 1800ರ ಸೆಪ್ಟೆಂಬರ್ 10ರಂದು ಕೋಣಗಲ್ಲಿನ ಬಳಿ ಕೊಂದ. ಸಾಮಾನುಗಳ ನಡುವೆ ಸಿಕ್ಕ ಧೋಂಡಿಯಾನ ಪುಟ್ಟ ಮಗ ಸಲಾಬತ್ ಖಾನ್‌ನನ್ನು ಸಾಕುವ ಹೊಣೆಯನ್ನೂ ತಾನೇ ಹೊತ್ತ.

ಆ ಹುಡುಗನ ಕಣ್ಣಿನಿಂದಲೇ ಕಥೆ ಶುರುವಾಗಲಿ. ಕನ್ನಡದಲ್ಲಿ ಯಾರಾದರೂ ಇದನ್ನು ಧಾರಾವಾಹಿ ಮಾಡಿದರೆ ಒಂದು ಕಂತೂ ಬಿಡದೆ ನೋಡುತ್ತೇನೆ.