ಚಿಂದಿ ಕೊಟ್ಟದ್ದು ಬಡತನ, ಜೋಡಿಸಿದ್ದು ಅವ್ವ

(ವಿದ್ಯಾರ್ಥಿನಿಲಯವೊಂದರ ವಾರದ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಕವಿಯನ್ನ ಕರೆದಿದ್ದೀರಿ, ಪದ್ಯ ಓದ್ತಾನೆ ಅಂತ ಕೂತಿದ್ದೀರಿ. ಇವತ್ತು ನಾನು ಪದ್ಯ ಓದೋದಿಲ್ಲ. ಕೌದಿ ಬಗ್ಗೆ ಮಾತಾಡ್ತೇನೆ. ನಗಬೇಡಿ. ನಿಮ್ಮಲ್ಲಿ ಎಷ್ಟೋ ಜನರ ಟ್ರಂಕಿನ ಪಕ್ಕದಲ್ಲಿ ಒಂದು ಕೌದಿ ಸುತ್ತಿಟ್ಟಿದೆ. ಅದರಲ್ಲಿ ಅಪ್ಪನ ಹಳೆ ಧೋತರ ಇದೆ, ಅಕ್ಕನ ಲಂಗ ಇದೆ, ಅವ್ವನ ಸೀರೆ ಅಂಚು ಇದೆ. ಚಳಿಗಾಲದಲ್ಲಿ ಸರ್ಕಾರದ ಕಂಬಳಿ ಸಾಲದೆ ಹೋದಾಗ ಅದೇ ನಿಮ್ಮನ್ನ ಕಾಯೋದು.

'ಡಿಸೈನ್' ಅಂದ ಕೂಡಲೇ ನಮಗೆ ಪಟ್ಟಣದ ಕಾಲೇಜು, ಡ್ರಾಯಿಂಗ್ ಬೋರ್ಡು, ಬಣ್ಣದ ಪೆನ್ಸಿಲು ನೆನಪಾಗುತ್ತೆ. ಕೌದಿಗೆ ಬಂದರೆ, 'ಹಳೇ ಅರಿವೆ ಸೇರಿಸಿ ಏನೋ ಹೊಲಿದಾರೆ' ಅಂತೇವೆ. ಈ 'ಏನೋ' ಅನ್ನೋ ಮಾತಿನ ಮೇಲೆ ನನ್ನ ಜಗಳ.

ಒಂದು ಸಣ್ಣ ಲೆಕ್ಕ ಮಾಡೋಣ. ನೋಟ್‌ಬುಕ್ಕಿನಲ್ಲಿ ಒಂದು ಚೌಕ ಬರೆಯಿರಿ. ಮೂಲೆಯಿಂದ ಮೂಲೆಗೆ ಗೆರೆ ಎಳೆದು ಅರ್ಧಕ್ಕೆ ಮಸಿ ತುಂಬಿ, ಇನ್ನರ್ಧ ಬಿಳಿ ಬಿಡಿ. ಇಂಥವು ನಾಲ್ಕು ಮಾಡಿ, ಎರಡರ ಮೇಲೆ ಎರಡು ಇಟ್ಟು ಜೋಡಿಸಿ. ಒಂದೊಂದನ್ನೂ ನಾಲ್ಕು ದಿಕ್ಕಿಗೆ ತಿರುಗಿಸಬಹುದು. ನಾಲ್ಕು ನಾಲ್ಕಲ ನಾಲ್ಕಲ ನಾಲ್ಕು, ಒಟ್ಟು 256 ಬಗೆ. ಒಂದು ರೀತಿ ಇಟ್ಟರೆ ನಡುವೆ ಕಪ್ಪು ವಜ್ರ ಮೂಡುತ್ತೆ, ಇನ್ನೊಂದು ರೀತಿ ಇಟ್ಟರೆ ಗಾಳಿಗಿರಗಟ್ಟೆ, ಮತ್ತೊಂದು ರೀತಿ ಇಟ್ಟರೆ ನೇಗಿಲ ಸಾಲಿನ ಹಾಗೆ ಓರೆ ಪಟ್ಟೆ. ಬಟ್ಟೆ ಅದೇ, ಚೌಕ ಅದೇ. ಬದಲಾದದ್ದು ಜೋಡಣೆ. ನಾಲ್ಕೇ ಚೌಕಕ್ಕೆ ಇಷ್ಟಾದರೆ, ನೂರು ತುಂಡು ಗುಡ್ಡೆ ಹಾಕಿಕೊಂಡು ಕೂತ ಹೆಂಗಸು ಎಷ್ಟು ಸಲ 'ಇದಲ್ಲ, ಇದು' ಅಂದಿರಬೇಕು! ಹಾಗೆ ಆರಿಸೋದಕ್ಕೇ ಡಿಸೈನ್ ಅಂತ ಹೆಸರು.

ಈ ಮಾತಿಗೆ ಸಾಕ್ಷಿಯಾಗಿ ದೂರದ ಒಂದು ಊರಿದೆ. ಅಮೆರಿಕದ ಅಲಬಾಮ ರಾಜ್ಯದಲ್ಲಿ ಗೀಸ್ ಬೆಂಡ್ ಅಂತ. ಮೂರು ಕಡೆ ಹೊಳೆ. 1816ರಲ್ಲಿ ಗೀ ಅನ್ನೋ ಬಿಳಿಯ ಜಮೀನ್ದಾರ ಗುಲಾಮರನ್ನು ತಂದು ಅಲ್ಲಿ ಹತ್ತಿ ಬೆಳೆಸಿದ. 1845ರಲ್ಲಿ ಆ ಜಮೀನು ಪೆಟ್ವೇ ಅನ್ನೋನ ಕೈಗೆ ಹೋಯ್ತು. ಇವತ್ತಿಗೂ ಆ ಊರಿನ ಎಷ್ಟೋ ಕಪ್ಪು ಜನರ ಮನೆತನದ ಹೆಸರು ಪೆಟ್ವೇ. ಒಡೆಯನ ಹೆಸರೇ ಅವರ ಹೆಸರಾಗಿ ಉಳೀತು. ಗುಲಾಮಗಿರಿ 1865ರಲ್ಲಿ ಕಾನೂನಿನಲ್ಲಿ ಹೋಯ್ತು, ಸಾಲ ಹೋಗಲಿಲ್ಲ. 1932ರಲ್ಲಿ, ಸಾಲ ಕೊಟ್ಟಿದ್ದ ವ್ಯಾಪಾರಿ ಸತ್ತ ಮೇಲೆ, ಅವನ ಕಡೆಯವರು ಬಂದು ದನಕರು, ಕಾಳುಕಡಿ, ನೇಗಿಲು ಎಲ್ಲ ಹೊತ್ತೊಯ್ದರು. ಆಗ ಜನ ಬದುಕಿದ್ದು ರೆಡ್ ಕ್ರಾಸ್ ಕಳಿಸಿದ ಆಹಾರದಿಂದ.

ಇಂಥ ಊರಿನ ಹೆಂಗಸರು ಹೊಲದ ಕೆಲಸ ಮುಗಿಸಿ ಕೌದಿ ಹೊಲಿದರು. ಅವರ ಒಂದು ಬಗೆಗೆ 'ಮನೆ ಮಾಡು' ಅಂತ ಹೆಸರು. ನಡುವೆ ಒಂದು ತುಂಡು ಇಡೋದು, ಅದರ ಸುತ್ತ ಪಟ್ಟಿ, ಅದರ ಸುತ್ತ ಇನ್ನೊಂದು ಪಟ್ಟಿ, ಹೀಗೆ ಒಳಗಿನಿಂದ ಹೊರಗೆ ಬೆಳೆಸೋದು. ಇನ್ನೊಂದು ಬಗೆಯಲ್ಲಿ ಪಟ್ಟಿಗಳು ನಾಲ್ಕು ಕಡೆಗೂ ಮೆಟ್ಟಿಲಾಗಿ ಇಳೀತವೆ. ಅಮೆರಿಕದ ಬೇರೆ ಕಡೆ ಅದಕ್ಕೆ 'ಕೋರ್ಟಿನ ಮೆಟ್ಟಿಲು' ಅಂತಾರೆ, ಗೀಸ್ ಬೆಂಡಿನವರು 'ಗಾರೆ ಕೆಲಸದವನು' ಅಂತಾರೆ. ಗೊತ್ತಿದ್ದ ಮಾದರಿ ಹಿಡಿದು, ಅರ್ಧಕ್ಕೆ ಬಂದಾಗ ದಾರಿ ತಪ್ಪಿಸಿ ತನ್ನ ದಾರಿಗೆ ಎಳೆದುಕೊಳ್ಳೋದು ಅಲ್ಲಿನವರ ಪದ್ಧತಿ. ಒಬ್ಬಳ ಕೌದಿಯನ್ನ ಇನ್ನೊಬ್ಬಳು ನಕಲು ಮಾಡಿದರೆ ಅದರಲ್ಲಿ ಹೆಚ್ಚುಗಾರಿಕೆ ಏನಿದೆ ಹೇಳಿ.

ಮಿಸ್ಸೌರಿ ಪೆಟ್ವೇ ಅನ್ನೋ ತಾಯಿ, ಗಂಡ ತೀರಿಕೊಂಡ ಮೇಲೆ, 1942ರಲ್ಲಿ, ಅವನು ಹೊಲಕ್ಕೆ ಹಾಕ್ತಿದ್ದ ಬಟ್ಟೆಗಳನ್ನೇ ಕತ್ತರಿಸಿ ಕೌದಿ ಮಾಡಿದಳು. ಹೊದ್ದುಕೊಂಡು ಅವನನ್ನ ನೆನೆಯೋದಕ್ಕೆ. ಅಲ್ಲಿನ ಇಂಥ ಕೌದಿಗಳಲ್ಲಿ ಪ್ಯಾಂಟಿನ ಜೇಬು ಬಿಚ್ಚಿದ ಕಡೆ ಬಟ್ಟೆ ಮಾಸದೆ ಕಡುನೀಲಿಯಾಗಿಯೇ ಉಳಿದಿರುತ್ತೆ, ಮೊಣಕಾಲು ಸವೆದ ಕಡೆ ಬೆಳ್ಳಗಾಗಿರುತ್ತೆ. ಆ ಹೆಂಗಸರು ಈ ಕಲೆಗಳನ್ನ ಅಡಗಿಸಲಿಲ್ಲ. ಅವನ್ನೂ ಬಣ್ಣ ಅಂತ ಎಣಿಸಿ ಜೋಡಿಸಿದರು.

ಈಗ ದುಡ್ಡಿನ ಮಾತು. 1962ರಲ್ಲಿ ಕಪ್ಪು ಜನ ಮತದಾರರ ಪಟ್ಟಿಗೆ ಹೆಸರು ಬರೆಸಬೇಕು ಅಂತ ಹೊರಟ ಕಾಲಕ್ಕೆ ಹೊಳೆ ದಾಟೋ ದೋಣಿಯನ್ನೇ ನಿಲ್ಲಿಸಿದರು. ಅದು ಮತ್ತೆ ಬಂದದ್ದು 2006ರಲ್ಲಿ! ಹೆಸರು ಬರೆಸಲು ಹೋದವರಲ್ಲಿ ಎಷ್ಟೋ ಜನ ಕೆಲಸ ಕಳಕೊಂಡರು, ಮನೆ ಕಳಕೊಂಡರು. 1966ರಲ್ಲಿ ಆ ಸೀಮೆಯ ಹೆಂಗಸರು 'ಫ್ರೀಡಂ ಕ್ವಿಲ್ಟಿಂಗ್ ಬೀ' ಅಂತ ಸಹಕಾರ ಸಂಘ ಕಟ್ಟಿದರು. ಕೈಗೆ ಸ್ವಂತ ಕಾಸು ಬಂತು. ಆದರೆ ದೊಡ್ಡ ಅಂಗಡಿಗಳು ಕೇಳಿದ್ದು ಒಂದೇ ಅಳತೆ, ಒಂದೇ ಮಾದರಿ. 1972ರಿಂದ ಸಿಯರ್ಸ್ ಕಂಪನಿಗೆ ಕಾರ್ಡುರಾಯ್ ದಿಂಬಿನ ಗವಸು ಹೊಲಿದರು. ಸಂಘದಲ್ಲಿ ಒಂದೇ ಥರದ ಗವಸು ಹೊಲಿದ ಕೈಗಳು, ಉಳಿದ ಕಾರ್ಡುರಾಯ್ ತುಂಡುಗಳನ್ನ ಮನೆಗೆ ತಂದು ತಮಗೆ ಬೇಕಾದ ಹಾಗೆ ಕೌದಿ ಮಾಡಿದವು. ಕೂಲಿ ಬೇಕು, ನಿಜ. ತಾನೇ ಆರಿಸೋ ಹಕ್ಕೂ ಬೇಕು.

2002ರಲ್ಲಿ ಈ ಕೌದಿಗಳು ಹೂಸ್ಟನ್ನಿನ, ಆಮೇಲೆ ನ್ಯೂಯಾರ್ಕಿನ ಮ್ಯೂಸಿಯಂ ಗೋಡೆ ಏರಿದವು. 2006ರಲ್ಲಿ ಅಂಚೆಚೀಟಿ ಬಂತು. 2007ರಲ್ಲಿ ಮೂವರು ಹೆಂಗಸರು, ತಮಗೆ ಸಲ್ಲಬೇಕಾದ ಪಾಲು ಸಂದಿಲ್ಲ ಅಂತ ಕೋರ್ಟಿಗೆ ಹೋದರು. ಮರುವರ್ಷ ಆ ದಾವೆಗಳು ಮುಗಿದವು. ಹೊಗಳಿಕೆ ಬಂದ ಮೇಲೂ ಲೆಕ್ಕ ಕೇಳೋದನ್ನ ಬಿಡಬಾರದು ಅನ್ನೋದು ನಾವು ಕಲಿಯಬೇಕಾದ ಪಾಠ.

ಅಷ್ಟು ದೂರ ಯಾಕೆ, ನಮ್ಮ ಉತ್ತರ ಕನ್ನಡಕ್ಕೇ ಬನ್ನಿ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಾಡಂಚಿನಲ್ಲಿ ಸಿದ್ದಿ ಜನ ಇದಾರೆ. ಆಫ್ರಿಕದಿಂದ ಬಂದವರ, ಗುಲಾಮರಾಗಿ ತರಲ್ಪಟ್ಟವರ ಮಕ್ಕಳು. ಸಿದ್ದಿ ಹೆಂಗಸರು ಹೊಲಿಯೋ ಕವಂದಿಯ ದಾರಿಯೇ ಬೇರೆ. ಗೀಸ್ ಬೆಂಡಿನ 'ಮನೆ ಮಾಡು' ನಡುವಿನಿಂದ ಹೊರಗೆ ಬೆಳೆದರೆ, ಇವರು ಹಳೆ ಸೀರೆ ಹಾಸಿ ಒಂದು ಮೂಲೆ ಹಿಡಿದು ಶುರು ಮಾಡ್ತಾರೆ. ಅಂಚಿನ ಸುತ್ತ ತುಂಡು ಇಡುತ್ತಾ, ಹೊಲಿಯುತ್ತಾ, ಸುತ್ತು ಹಾಕಿ ನಡುವಿಗೆ ಬರ್ತಾರೆ. ಚೌಕಗಳನ್ನ ಬೇರೆ ಹೊಲಿದು ಆಮೇಲೆ ಅತ್ತಿತ್ತ ಸರಿಸಿ ನೋಡೋ ಅನುಕೂಲ ಇಲ್ಲಿಲ್ಲ. ತುಂಡು ಇಟ್ಟಾಗಲೇ ತೀರ್ಮಾನ ಆಗಬೇಕು. ಕೊನೆಗೆ ನಾಲ್ಕು ಮೂಲೆಗೂ ಬಟ್ಟೆ ಮಡಿಸಿದ ಮುಕ್ಕೋಣ ಹೊಲೀತಾರೆ. ಅದಕ್ಕೆ 'ಫೂಲ' ಅಂತಾರೆ, ಹೂವು. ಹೂವಿಲ್ಲದ ಕವಂದಿ ಅಂದರೆ ಬೆತ್ತಲೆ ಇದ್ದ ಹಾಗೆ. ಚಳಿ ತಡೆಯೋದಕ್ಕೆ ಆ ಹೂವು ಬೇಕೇ ಇಲ್ಲ. ಆದರೂ ಬೇಕು. ಬಡವರಿಗೆ ಅಂದಚಂದ ಯಾಕೆ ಅಂತ ಕೇಳೋರಿಗೆ ಆ ನಾಲ್ಕು ಮೂಲೆ ತೋರಿಸಿ.

ಕೊನೆಗೆ ಹ್ಯಾರಿಯೆಟ್ ಪವರ್ಸ್. 1837ರಲ್ಲಿ ಜಾರ್ಜಿಯದಲ್ಲಿ ಗುಲಾಮಳಾಗಿ ಹುಟ್ಟಿದವಳು. ಬೈಬಲ್ ಕಥೆಗಳನ್ನ 11 ಚಿತ್ರಗಳಾಗಿ ಬಟ್ಟೆಯಲ್ಲಿ ಕತ್ತರಿಸಿ ಕೂರಿಸಿದ ಅವಳ ಕೌದಿ 1886ರಲ್ಲಿ ಒಂದು ಜಾತ್ರೆಯಲ್ಲಿ ಪ್ರದರ್ಶನಕ್ಕೆ ಬಂತು. ಮೊದಲು ಮಾರಲು ಒಪ್ಪಲಿಲ್ಲ. ಆಮೇಲೆ ಕಷ್ಟ ಬಂದು ಹತ್ತು ಡಾಲರ್ ಕೇಳಿದಳು, ಸಿಕ್ಕದ್ದು ಐದು. ಕೊಡುವಾಗ ಒಂದೊಂದು ಚಿತ್ರಕ್ಕೂ ಅರ್ಥ ಹೇಳಿದಳು, ಕೊಂಡಾಕೆ ಅದನ್ನ ಬರೆದಿಟ್ಟಳು. ಇವತ್ತು ಆ ಕೌದಿ ಅಮೆರಿಕದ ರಾಷ್ಟ್ರೀಯ ಮ್ಯೂಸಿಯಂನಲ್ಲಿದೆ. ಬರೆದಿಟ್ಟದ್ದರಿಂದ ಅವಳ ಹೆಸರೂ ಉಳೀತು, ಅವಳ ವಿಚಾರವೂ ಉಳೀತು.

ನಮ್ಮ ಅವ್ವಂದಿರಿಗೆ ಯಾರು ಬರೀತಾರೆ? ಊರೂರು ತಿರುಗಿ ಕೂಲಿಗೆ ಕೌದಿ ಹೊಲಿಯೋ ಹೆಣ್ಣುಮಕ್ಕಳ ಹೆಸರು ಯಾರ ಪುಸ್ತಕದಲ್ಲಿದೆ? ಅಕ್ಷರ ನಮ್ಮ ಕೈಗೆ ಬಂದಿದೆ, ನಾವೇ ಬರೀಬೇಕು. ರಜೆಗೆ ಊರಿಗೆ ಹೋದಾಗ ಗೆರೆಚೌಕದ ಹಾಳೆ ಒಂದು ಒಯ್ಯಿರಿ. ಮನೆಯ ಕೌದಿ ಹಾಸಿ ಅದರ ಚೌಕ, ಪಟ್ಟಿ ನೋಡಿ ನಕ್ಷೆ ಬರೆಯಿರಿ. 'ಈ ಕೆಂಪಿನ ಪಕ್ಕ ಈ ಹಸಿರು ಯಾಕಿಟ್ಟೆ ಅವ್ವ?' ಅಂತ ಕೇಳಿ. 'ಸುಮ್ನೆ ಇಟ್ಟೆ ಕಣಪ್ಪ' ಅಂತಾಳೆ. ಬಿಡಬೇಡಿ, ಇನ್ನೊಂದು ಸಲ ಕೇಳಿ. ಅವಳು ಹೇಳಿದ್ದನ್ನ ಅವಳ ಮಾತಿನಲ್ಲೇ ಬರೆಯಿರಿ. ಕೆಳಗೆ ಅವಳ ಪೂರ್ತಿ ಹೆಸರು, ಊರು, ವರ್ಷ ಹಾಕಿ. ಇಂಥವರ ಹೆಂಡತಿ, ಇಂಥವರ ತಾಯಿ ಅಂತಲ್ಲ, ಅವಳ ಹೆಸರು.

ಅಂಥ ಹತ್ತು ಹಾಳೆ ಬಂದರೆ ಮುಂದಿನ ಸಭೆಯಲ್ಲಿ ಈ ಗೋಡೆಗೆ ಅಂಟಿಸೋಣ. ಪದ್ಯ ಆಗ ಓದ್ತೇನೆ.