ರಾಯಚೂರು ಸೀಮೆಗೆ ಬಂದ ಮೊದಲ ದೂರದರ್ಶನ: ಒಂದು ವರ್ಷದ ಪಾಠ

(ಗುಂಜಹಳ್ಳಿಯಲ್ಲಿ, ಊರಿನವರು ಹಾಗೂ ಬೆಟ್ಟದ ಸೀಮೆಯಿಂದ ಅಧ್ಯಯನಕ್ಕಾಗಿ ಬಂದ ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಕರ್ನಾಟಕದಲ್ಲಿ ದೂರದರ್ಶನ ಮೊದಲು ಎಲ್ಲಿಗೆ ಬಂತು ಎಂದು ಕೇಳಿದರೆ ಬಹುಮಂದಿ ಬೆಂಗಳೂರಿಗೆ ಎಂದೇ ಉತ್ತರಿಸುವರು. ವಾಸ್ತವ ಬೇರೆಯೇ ಇದೆ. ಬೆಂಗಳೂರು ದೂರದರ್ಶನ ಕೇಂದ್ರದ ಪ್ರಸಾರ ಆರಂಭವಾದದ್ದು 1981ರ ನವೆಂಬರ್ 1ರಂದು. ಅದಕ್ಕೆ ಆರು ವರ್ಷ ಮೊದಲೇ, 1975ರ ಆಗಸ್ಟ್ 1ರಂದು, ಅಂದಿನ ರಾಯಚೂರು, ಗುಲ್ಬರ್ಗ ಹಾಗೂ ಬಿಜಾಪುರ ಜಿಲ್ಲೆಗಳ ಆಯ್ದ ಹಳ್ಳಿಗಳಲ್ಲಿ ಕನ್ನಡದ ಕಾರ್ಯಕ್ರಮಗಳು ಪರದೆಯ ಮೇಲೆ ಮೂಡಿದ್ದವು. ರಾಜಧಾನಿಗಿಂತ ಮೊದಲು ಬಿಳಿಜೋಳದ ಸೀಮೆ ದೂರದರ್ಶನವನ್ನು ಕಂಡಿತು. ಈ ಇತಿಹಾಸ ಪಠ್ಯಪುಸ್ತಕಗಳಲ್ಲಿ ಕಾಣಸಿಗುವುದು ವಿರಳ.

ಈ ಕಾರ್ಯಕ್ರಮ ಮಾಲೆಯ ಹಿನ್ನೆಲೆಯನ್ನು ಅರಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. 1967ರ ಜನವರಿ 26ರಂದು ದೆಹಲಿಯ ಸುತ್ತಲಿನ 80 ಹಳ್ಳಿಗಳ ರೈತರಿಗಾಗಿ 'ಕೃಷಿ ದರ್ಶನ' ಆರಂಭವಾಯಿತು. ಹೊಲದ ಕೆಲಸವನ್ನು ಚಿತ್ರಿಸಿ, ತಜ್ಞರ ವಿವರಣೆಯೊಂದಿಗೆ ರೈತರಿಗೆ ತೋರಿಸುವ ಕ್ರಮ ಅಲ್ಲಿ ರೂಢಿಗೆ ಬಂತು. ಅದನ್ನು ದೇಶದ ದೂರದ ಹಳ್ಳಿಗಳಿಗೂ ಒಯ್ಯಬೇಕೆಂಬುದು ವಿಜ್ಞಾನಿ ವಿಕ್ರಮ್ ಸಾರಾಭಾಯಿಯವರ ಕನಸು. 1969ರಲ್ಲಿ ಭಾರತದ ಪರಮಾಣು ಶಕ್ತಿ ಇಲಾಖೆಗೂ ಅಮೆರಿಕದ ನಾಸಾ ಸಂಸ್ಥೆಗೂ ಒಪ್ಪಂದವಾಯಿತು. ಸಾರಾಭಾಯಿಯವರು 1971ರ ಡಿಸೆಂಬರಿನಲ್ಲಿ ತೀರಿಕೊಂಡರು. ಅವರು ಹಾಕಿಕೊಟ್ಟ ಯೋಜನೆ ನಾಲ್ಕು ವರ್ಷಗಳ ಬಳಿಕ 'ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗ'ವಾಗಿ ಜಾರಿಗೆ ಬಂತು. 'ಸೈಟ್' ಎಂಬುದು ಅದರ ಚಿಕ್ಕ ಹೆಸರು. ಆರು ರಾಜ್ಯಗಳ 2,400 ಹಳ್ಳಿಗಳು ಅದರ ವ್ಯಾಪ್ತಿಗೆ ಸೇರಿದ್ದವು.

ಬೆಟ್ಟದ ಊರಿನವರಿಗೆ ಇದರ ತಂತ್ರಜ್ಞಾನ ವಿಶೇಷವಾಗಿ ಗಮನಾರ್ಹ. ನೆಲದ ಮೇಲಿನ ಗೋಪುರದಿಂದ ಹೊರಡುವ ದೂರದರ್ಶನದ ಅಲೆ ಬಹುಮಟ್ಟಿಗೆ ನೇರವಾಗಿ ಸಾಗುತ್ತದೆ. ಗುಡ್ಡ ಅಡ್ಡವಾದರೆ ಅದರ ಮರೆಯಲ್ಲಿರುವ ಊರಿಗೆ ಚಿತ್ರವಿಲ್ಲ. ಉಪಗ್ರಹದ ಅಲೆ ಮೇಲಿನಿಂದ ಇಳಿಯುತ್ತದೆ. ಎಟಿಎಸ್-6 ಎಂಬ ಅಮೆರಿಕದ ಉಪಗ್ರಹವನ್ನು ಪೂರ್ವ ಆಫ್ರಿಕಾದ ಮೇಲೆ, ಭೂಮಿಯಿಂದ ಸುಮಾರು 36,000 ಕಿ.ಮೀ. ಎತ್ತರದಲ್ಲಿ ನಿಲ್ಲಿಸಲಾಗಿತ್ತು. ರಾಯಚೂರಿನಿಂದ ನೋಡಿದರೆ ಅದು ಪಶ್ಚಿಮದ ಆಕಾಶದಲ್ಲಿ, ದಿಗಂತದಿಂದ ಸುಮಾರು 40 ಡಿಗ್ರಿ ಮೇಲಿತ್ತು. ಅದರತ್ತ ಮುಖಮಾಡಿ ನಿಂತದ್ದು ಕೋಳಿಗೂಡಿಗೆ ಬಳಸುವಂಥ ತಂತಿಜಾಲರಿಯಿಂದ ಹೆಣೆದ, ಮೂರು ಮೀಟರ್ ಅಗಲದ ಬೋಗುಣಿ. ಅಗ್ಗದ ಸಾಮಗ್ರಿಯಿಂದ ಇಂಥದೊಂದು ಸಾಧನವನ್ನು ರೂಪಿಸಿದ್ದು ಭಾರತೀಯ ಎಂಜಿನಿಯರುಗಳ ದೊಡ್ಡ ಸಾಧನೆ.

ದಿನಕ್ಕೆ ನಾಲ್ಕು ಗಂಟೆಗಳ ಪ್ರಸಾರ. ಬೆಳಿಗ್ಗೆ ಒಂದೂವರೆ ಗಂಟೆ ಶಾಲಾ ಮಕ್ಕಳಿಗೆ, ಸಂಜೆ ಎರಡೂವರೆ ಗಂಟೆ ಊರಿನ ಎಲ್ಲರಿಗೆ. ಬೆಳಗಿನ ಅವಧಿಯನ್ನು ಹಿಂದಿ, ಒರಿಯಾ, ತೆಲುಗು, ಕನ್ನಡ ಈ ನಾಲ್ಕು ಭಾಷೆಗಳು ಹಂಚಿಕೊಳ್ಳಬೇಕಿತ್ತು. ಕನ್ನಡದ ಮಗುವಿಗೆ ದೊರೆತದ್ದು ಇಪ್ಪತ್ತೆರಡೂವರೆ ನಿಮಿಷ. ಸಂಜೆ ಕೃಷಿ, ಆರೋಗ್ಯ, ಕುಟುಂಬ ಯೋಜನೆ ಹಾಗೂ ಜನಪದ ಕಲೆಗಳ ಕಾರ್ಯಕ್ರಮಗಳಿದ್ದವು. ಅರ್ಧ ಗಂಟೆ ದೆಹಲಿಯಿಂದ ಎಲ್ಲ ರಾಜ್ಯಗಳಿಗೂ ಸಮಾನವಾದ ಹಿಂದಿ ಕಾರ್ಯಕ್ರಮವಿತ್ತು. ಪ್ರಯೋಗ ನಡೆಯುತ್ತಿದ್ದಾಗಲೇ, 1976ರ ಏಪ್ರಿಲ್ 1ರಂದು, ದೂರದರ್ಶನವು ಆಕಾಶವಾಣಿಯಿಂದ ಬೇರ್ಪಟ್ಟು ಪ್ರತ್ಯೇಕ ಸಂಸ್ಥೆಯಾಯಿತು.

ಇದರಿಂದ ಹಳ್ಳಿಗಳಲ್ಲಿ ಆದ ಬದಲಾವಣೆಯೇನು? ಇಸ್ರೊದ ಸಮಾಜವಿಜ್ಞಾನಿಗಳು ಅದನ್ನು ಅಳೆದರು. ಕೆಲವು ಹಳ್ಳಿಗಳಲ್ಲಿ ಮಾನವಶಾಸ್ತ್ರಜ್ಞರು ತಿಂಗಳುಗಟ್ಟಲೆ ತಂಗಿದ್ದರು. ಆರೋಗ್ಯ ಮತ್ತು ನೈರ್ಮಲ್ಯದ ತಿಳಿವಳಿಕೆ ಹೆಚ್ಚಿತ್ತು. ಅಕ್ಷರ ಬಾರದವರೂ ಮಹಿಳೆಯರೂ ಹೆಚ್ಚಿನ ಲಾಭ ಪಡೆದಿದ್ದರು. ಆದರೆ ಹೊಸ ಕೃಷಿ ಪದ್ಧತಿಗಳ ಅಳವಡಿಕೆಯಲ್ಲಿ ಎದ್ದುಕಾಣುವ ಬದಲಾವಣೆ ಕಂಡುಬರಲಿಲ್ಲ.

ರೈತ ದಡ್ಡನೆಂದು ಇದಕ್ಕೆ ಅರ್ಥ ಹಚ್ಚುವುದು ಅನ್ಯಾಯ. ಊಟಕ್ಕೆ ಮೊದಲು ಕೈ ತೊಳೆಯಲು ತಿಳಿವಳಿಕೆ ಬಹುಮಟ್ಟಿಗೆ ಸಾಕು. ಹೊಸ ಬೀಜ ಬಿತ್ತಲು ಬೀಜ ಸಿಗಬೇಕು, ಸಾಲ ಸಿಗಬೇಕು, ಸಕಾಲದಲ್ಲಿ ಮಳೆಯಾಗಬೇಕು, ಬೆಳೆ ಕೈಕೊಟ್ಟರೆ ತಡೆದುಕೊಳ್ಳುವ ಶಕ್ತಿಯಿರಬೇಕು. ಪರದೆ ಇವುಗಳಲ್ಲಿ ಒಂದನ್ನೂ ಕೊಡಲಾರದು. ಅಲ್ಲದೆ, ಕನ್ನಡದ ಹಳ್ಳಿಗಳಿಗಾಗಿ ಕಾರ್ಯಕ್ರಮ ತಯಾರಾಗುತ್ತಿದ್ದುದು ಹೈದರಾಬಾದಿನ ಕೇಂದ್ರದಲ್ಲಿ. ತುಂಗಭದ್ರಾ ಕಾಲುವೆಯ ನೀರುಂಡ ಗದ್ದೆಗೂ, ಹಿಂಗಾರಿ ತೇವವನ್ನೇ ನೆಚ್ಚಿದ ದೇವದುರ್ಗದ ಕಪ್ಪುನೆಲಕ್ಕೂ ಒಂದೇ ಸಲಹೆ ಹೊಂದುವುದಿಲ್ಲ. ಮೂರು ಜಿಲ್ಲೆಗಳಿಗೆ ಒಂದೇ ಪಾಠ ಹೇಳುವಾಗ ಪ್ರತಿ ಹೊಲದ ಗುಣ ಕಣ್ಮರೆಯಾಗುವುದು ಸಹಜ.

ಎಲ್ಲಕ್ಕಿಂತ ಮುಖ್ಯವಾಗಿ, ಮಾತು ಒಂದೇ ದಿಕ್ಕಿನಲ್ಲಿ ಹರಿಯಿತು. ಪರದೆ ಹೇಳಿತು, ಊರು ಕೇಳಿತು. ಊರಿಗೆ ಅನುಮಾನ ಬಂದರೆ ಅದೇ ಪರದೆಯಲ್ಲಿ ಅದನ್ನು ಎತ್ತುವ ದಾರಿಯಿರಲಿಲ್ಲ. ದೇಶದಲ್ಲಿ ತುರ್ತುಪರಿಸ್ಥಿತಿ ಜಾರಿಯಲ್ಲಿದ್ದ ವರ್ಷವೂ ಅದೇ ಆಗಿತ್ತೆಂಬುದನ್ನು ಮರೆಯಲಾಗದು.

ಬೇರೆ ದಾರಿಯೂ ಸಾಧ್ಯವಿತ್ತು ಎಂಬುದಕ್ಕೆ ಅದೇ ಕಾಲದ ನಿದರ್ಶನವಿದೆ. ಗುಜರಾತಿನ ಖೇಡಾ ಜಿಲ್ಲೆಯ ಪೀಜ್ ಎಂಬ ಊರಿನಲ್ಲಿ ಇಸ್ರೊ 1975ರಲ್ಲಿ ಒಂದು ಸಣ್ಣ ಪ್ರಸಾರ ಗೋಪುರವನ್ನು ಸ್ಥಾಪಿಸಿತು. ಅಲ್ಲಿ ಸುತ್ತಲಿನ ಹಳ್ಳಿಗಳ ಸಮಸ್ಯೆಗಳನ್ನೇ ಆರಿಸಿಕೊಂಡು, ಆ ಸೀಮೆಯ ಆಡುಮಾತಿನಲ್ಲಿ, ಊರಿನವರನ್ನೇ ತೊಡಗಿಸಿಕೊಂಡು ಕಾರ್ಯಕ್ರಮಗಳನ್ನು ರೂಪಿಸಿದರು. 1984ರಲ್ಲಿ ಆ ಪ್ರಯತ್ನಕ್ಕೆ ಗ್ರಾಮೀಣ ಸಂವಹನಕ್ಕಾಗಿ ಯುನೆಸ್ಕೊ ಪ್ರಶಸ್ತಿ ಸಂದಿತು. ಪ್ರಶಸ್ತಿ ಬಂದರೂ ಅದು ಉಳಿಯಲಿಲ್ಲ. 1980ರ ದಶಕ ಮುಗಿಯುವುದರೊಳಗೆ ಅದೂ ನಿಂತುಹೋಯಿತು.

ರಾಯಚೂರು ಸೀಮೆಯ ಪ್ರಸಾರ ನಿಂತದ್ದು 1976ರ ಜುಲೈ 31ರಂದು. ಎರವಲು ಉಪಗ್ರಹವನ್ನು ಒಡೆಯರು ಹಿಂದಕ್ಕೆ ಪಡೆದರು. 1977ರಲ್ಲಿ ಗುಲ್ಬರ್ಗದಲ್ಲಿ ಪ್ರಸಾರ ಕೇಂದ್ರ ಆರಂಭವಾಯಿತು, ನಿಜ. ಆದರೆ ಅಲ್ಲಿಂದ ರಾಯಚೂರಿಗೆ ನೇರ ಅಳತೆಯಲ್ಲೇ ನೂರು ಕಿ.ಮೀ.ಗೂ ಮೀರಿದ ದೂರ. ಗೋಪುರದ ಅಲೆ ತಲುಪದ ಊರುಗಳಲ್ಲಿ ಪರದೆ ಕತ್ತಲಾಯಿತು. 1983ರಲ್ಲಿ ಭಾರತದ್ದೇ ಆದ ಇನ್ಸಾಟ್-1ಬಿ ಮೇಲೇರಿದಾಗ ಅದರ ಗ್ರಾಮೀಣ ದೂರದರ್ಶನ ಯೋಜನೆಗೆ ಆರಿಸಿದ ಆರು ರಾಜ್ಯಗಳಲ್ಲಿ ಕರ್ನಾಟಕ ಸೇರಿರಲಿಲ್ಲ. ಮೊದಲು ಬೆಳಕು ಕಂಡ ಸೀಮೆ ಮತ್ತೆ ಸರದಿಯ ಕೊನೆಗೆ ನಿಂತಿತು. ಯೋಜನೆ ಮೇಲಿನಿಂದ ಬಂದರೆ ಅದನ್ನು ಹಿಂದಕ್ಕೆ ಪಡೆಯುವಾಗ ಕೆಳಗಿನವರನ್ನು ಯಾರೂ ಕೇಳುವುದಿಲ್ಲ. ಅಣೆಕಟ್ಟು, ಗಣಿ, ನೆಡುತೋಪುಗಳ ಅನುಭವವಿರುವ ಬೆಟ್ಟದ ಜನರಿಗೆ ಈ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ.

ಆನಂತರ ಬಹಳ ನೀರು ಹರಿದಿದೆ. 2015ರಲ್ಲಿ ರೈತರಿಗೆಂದೇ 'ಡಿಡಿ ಕಿಸಾನ್' ವಾಹಿನಿ ಆರಂಭವಾಯಿತು. ಇಂದು ಹಳ್ಳಿಯ ವಿದ್ಯಾರ್ಥಿಯ ಕೈಯಲ್ಲಿರುವ ಮೊಬೈಲೇ ಕ್ಯಾಮೆರಾ; ಅಂದಿನ ಹೈದರಾಬಾದ್ ಕೇಂದ್ರ ಮಾಡುತ್ತಿದ್ದ ಕೆಲಸದ ದೊಡ್ಡ ಭಾಗವನ್ನು ಅದೊಂದೇ ಮಾಡಬಲ್ಲದು. ಆದ್ದರಿಂದ ಅಂದು ಊರಿಗೆ ದಕ್ಕದೆ ಹೋದ ಮಾತಿನ ಸರದಿ ಇಂದು ಕೈಗೆಟುಕುವಂತಿದೆ.

1975ರಲ್ಲಿ ಹತ್ತು ವರ್ಷದ ಮಗುವಾಗಿ ಪರದೆಯ ಮುಂದೆ ಕುಳಿತವರಿಗೆ ಇಂದು ಅರುವತ್ತು ಮುಟ್ಟಿದೆ. ಅಂದು ದೊಡ್ಡವರಾಗಿದ್ದವರಲ್ಲಿ ಉಳಿದವರು ಕೆಲವರೇ. ಅವರು ಏನು ಕಂಡರು, ಯಾವುದನ್ನು ನಂಬಿದರು, ಯಾವುದಕ್ಕೆ ನಕ್ಕರು, ಅಂದು ಹೊಲದಲ್ಲಿ ಯಾವ ಯಾವ ತಳಿಗಳಿದ್ದವು ಎಂಬುದನ್ನು ಅವರ ಬಾಯಿಂದಲೇ ದಾಖಲಿಸುವ ಕಾಲ ಮೀರುತ್ತಿದೆ. ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನಲ್ಲಿ ಈ ಕೆಲಸವನ್ನು ಕೈಗೊಳ್ಳಬೇಕು. ದಾಖಲೆಯ ಒಂದು ಪ್ರತಿ ಶಾಲೆಯಲ್ಲಿ, ಇನ್ನೊಂದು ಪಂಚಾಯಿತಿಯಲ್ಲಿ ಇರಬೇಕು. ಸಾರ್ವಜನಿಕ ಹಣದಿಂದ ತಯಾರಾದ ಆ ವರ್ಷದ ಕನ್ನಡ ಚಿತ್ರಗಳಲ್ಲಿ ಉಳಿದಿರುವುದನ್ನು ಆ ಹಳ್ಳಿಗಳಿಗೆ ಮತ್ತೆ ತೋರಿಸಿರೆಂದು ಪ್ರಸಾರ ಭಾರತಿಯನ್ನು ಕೇಳುವುದೂ ನ್ಯಾಯವೇ.

ನೆಲದ ತಿಳಿವಳಿಕೆ ನೆಲದವರ ಬಳಿ ಇರುತ್ತದೆ. ಅದನ್ನು ಕೇಳಿಸಿಕೊಳ್ಳದ ಯಾವ ಮಾಧ್ಯಮವೂ ರೈತನಿಗೆ ಹೆಚ್ಚಿನದೇನನ್ನೂ ಕಲಿಸಲಾರದು. ಈ ಸೀಮೆಯ ಆ ಒಂದು ವರ್ಷ ಬಿಟ್ಟುಹೋದ ಪಾಠ ಅದೇ.