ನಿವೃತ್ತಿ ಯಾರಿಗೆ?

(ಹಿರಿಯ ನಾಗರಿಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಇಳಿವಯಸ್ಸಿನ ಮಾತು ಬಂದಾಗ ನಾವು ಸಾಮಾನ್ಯವಾಗಿ ಎರಡು ವಿಷಯಗಳನ್ನು ಎತ್ತಿಕೊಳ್ಳುತ್ತೇವೆ. ಒಂದು ಆರೋಗ್ಯ, ಇನ್ನೊಂದು, ಮಕ್ಕಳು ನೋಡಿಕೊಳ್ಳುತ್ತಾರೋ ಇಲ್ಲವೋ ಎಂಬ ಚಿಂತೆ. ಎರಡನೆಯದಕ್ಕಾಗಿ 2007ರಲ್ಲಿ ಕಾನೂನೇ ಬಂತು. ಪೋಷಿಸದ ಮಕ್ಕಳಿಂದ ಜೀವನಾಂಶ ಕೇಳಿ ತಂದೆತಾಯಿ ನ್ಯಾಯಮಂಡಳಿಗೆ ಹೋಗಬಹುದು. ಆದರೆ ಮಕ್ಕಳು ಬೆಂಗಳೂರಿಗೋ ಪುಣೆಗೋ ಹೋದ ಮೇಲೆ ಮನೆಯಲ್ಲಿ ಉಳಿಯುವ ಗಂಡ ಹೆಂಡತಿ ಪರಸ್ಪರ ಹೇಗಿರಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ಇಂದು ಆ ವಿಷಯವನ್ನೇ ಸ್ವಲ್ಪ ಯೋಚಿಸೋಣ.

ನಮ್ಮದು ದುಡಿಯುವವರ ಸೀಮೆ. ಹತ್ತಿಗಿರಣಿಗಳಿಂದಾಗಿ ದಾವಣಗೆರೆ 'ಕರ್ನಾಟಕದ ಮ್ಯಾಂಚೆಸ್ಟರ್' ಎನಿಸಿಕೊಂಡಿತ್ತು. ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರುವಾಗಿ ಇಲ್ಲಿನ ಲೇತ್ ಯಂತ್ರಗಳು ದೂರದೂರದ ಊರುಗಳಿಗೆ ಹೋದವು. ಹೊಳೆಯಾಚೆ ಕುಮಾರಪಟ್ಟಣದಲ್ಲಿ ಪಾಲಿಫೈಬರ್ಸ್ ಬಂತು. ಗಿರಣಿಯ ಪಾಳಿಗೆ ತಕ್ಕಂತೆ ಇಡೀ ಮನೆ ನಡೆಯುತ್ತಿತ್ತು. ರಾತ್ರಿಪಾಳಿ ಮುಗಿಸಿ ಬಂದವರು ಹಗಲು ಮಲಗಿದರೆ ಮಕ್ಕಳು ಪಿಸುಮಾತಿನಲ್ಲಿ ಆಡಬೇಕಿತ್ತು. ಬುತ್ತಿ ಕಟ್ಟುವ ಹೊತ್ತು, ನೀರು ಕಾಯಿಸುವ ಹೊತ್ತು ಎಲ್ಲವನ್ನೂ ಪಾಳಿಯೇ ನಿಗದಿ ಮಾಡುತ್ತಿತ್ತು. ಮುಂದೆ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಕಿರ್ಲೋಸ್ಕರ್ ಕಾರ್ಖಾನೆಯೂ ನಿಂತುಹೋಯಿತು. ಅನೇಕರಿಗೆ ವಯಸ್ಸಿಗಿಂತ ಮೊದಲೇ ನಿವೃತ್ತಿ ಬಂತು.

ನಿವೃತ್ತಿ ಬಂದದ್ದು ಮನೆಯ ಒಬ್ಬರಿಗೆ ಮಾತ್ರ ಎಂಬುದನ್ನು ನಾವು ಗಮನಿಸಲಿಲ್ಲ. ಪಾಳಿ ನಿಂತ ಮರುದಿನವೂ ಒಲೆ ಹೊತ್ತಬೇಕು, ರೊಟ್ಟಿ ಬಡಿಯಬೇಕು. ಮನೆಯಾಕೆಗೆ ಕೆಲಸ ಕಡಿಮೆಯಾಗುವುದಿರಲಿ, ಇಡೀ ದಿನ ಮನೆಯಲ್ಲೇ ಇರುವ ಯಜಮಾನರ ಚಹಾ, ತಿಂಡಿ, ಮೇಲ್ವಿಚಾರಣೆ ಹೆಚ್ಚುವರಿಯಾಗಿ ಸೇರಿದವು. ಇದು ನಮ್ಮೂರಿನ ಸಮಸ್ಯೆ ಮಾತ್ರವಲ್ಲ. ಜಪಾನಿನಲ್ಲಿ ನಿವೃತ್ತ ಗಂಡಂದಿರನ್ನು 'ಒದ್ದೆ ತರಗೆಲೆ' ಎಂದು ಹಾಸ್ಯ ಮಾಡುವ ಮಾತಿದೆ. ಎಷ್ಟು ಗುಡಿಸಿದರೂ ಪೊರಕೆಗೇ ಅಂಟಿಕೊಳ್ಳುತ್ತದೆಯಂತೆ! ನಮ್ಮ ದೇಶದಲ್ಲಿ 2019ರಲ್ಲಿ ನಡೆದ ಸಮಯ ಬಳಕೆಯ ಸಮೀಕ್ಷೆಯನ್ನು ನೋಡಿ. ಸಂಬಳವಿಲ್ಲದ ಮನೆಗೆಲಸ ಮಾಡುವವರ ಪೈಕಿ ಹೆಂಗಸರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷ ಕೊಟ್ಟರೆ, ಗಂಡಸರು ಕೊಟ್ಟದ್ದು 97 ನಿಮಿಷ. ಮನೆಗೆಲಸಕ್ಕೆ ಕೈಹಾಕುವ ಗಂಡಸರೇ ನಾಲ್ವರಲ್ಲಿ ಒಬ್ಬರು.

ಹಿಂದಿನವರು ಹೇಳಿದ ವಾನಪ್ರಸ್ಥದಲ್ಲಾದರೂ ಇದಕ್ಕೆ ಉತ್ತರವಿದೆಯೇ? ಮನುಸ್ಮೃತಿಯ ಆರನೆಯ ಅಧ್ಯಾಯದ ಪ್ರಕಾರ ಗೃಹಸ್ಥನು ಹೆಂಡತಿಯನ್ನು ಮಕ್ಕಳಿಗೆ ಒಪ್ಪಿಸಿ ಕಾಡಿಗೆ ಹೋಗಬಹುದು, ಇಲ್ಲವೇ ಜೊತೆಗೆ ಕರೆದೊಯ್ಯಬಹುದು. ಆಕೆಯ ಇಷ್ಟವೇನು ಎಂಬ ಪ್ರಶ್ನೆ ಅಲ್ಲಿಯೂ ಬರುವುದಿಲ್ಲ.

ಬಿಡುವಿನ ವಿಷಯಕ್ಕೆ ಬರೋಣ. ಗಂಡಸರಿಗೆ ಉದ್ಯಾನದ ಕಲ್ಲುಬೆಂಚು, ದೇವಸ್ಥಾನದ ಕಟ್ಟೆ, ಬೆಣ್ಣೆದೋಸೆಯ ಹೋಟೆಲು, ಸಂಜೆಗೆ ಮಂಡಕ್ಕಿ ಮೆಣಸಿನಕಾಯಿ ಇವೆ. ಹೆಂಗಸರ ಭಜನೆ, ಪುರಾಣಶ್ರವಣಗಳು ಎರಡು ಅಡುಗೆಗಳ ನಡುವೆ ಮುಗಿಯಬೇಕು. 2023ರ ಜೂನ್‌ನಲ್ಲಿ 'ಶಕ್ತಿ' ಯೋಜನೆ ಬಂದು ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದರವಿಲ್ಲವೆಂದಾಗ ಯಾತ್ರಾಸ್ಥಳಗಳಲ್ಲಿ ಜಾತ್ರೆಯಂತೆ ಜನ ಸೇರಿದರು. ಅದನ್ನು ಕಂಡು ನಕ್ಕವರುಂಟು. ಗಂಡನನ್ನೋ ಮಗನನ್ನೋ ದುಡ್ಡು ಕೇಳದೆ ತವರಿಗೆ, ಗೆಳತಿಯ ಊರಿಗೆ, ದೇವರ ಬಳಿಗೆ ಹೋಗುವ ಅವಕಾಶ ಎಷ್ಟೋ ಅಜ್ಜಿಯರಿಗೆ ಸಿಕ್ಕಿದ್ದು ಅದೇ ಮೊದಲು ಎಂಬುದು ನಕ್ಕವರಿಗೆ ಹೊಳೆಯಲಿಲ್ಲ.

ಇದರ ಜೊತೆಗೆ ಹೇಳಲು ಕಷ್ಟವಾದ ಮಾತೊಂದಿದೆ. ದಂಪತಿಗಳಲ್ಲಿ ಒಬ್ಬರು ಮೊದಲು ಹೋಗುತ್ತಾರೆ. ಉಳಿದವರು ಒಂಟಿಯಾಗಿ ಬದುಕಬೇಕು. ಚಹಾ ಕಾಸಲೂ ಬಾರದ ಗಂಡಸು, ಹೆಂಡತಿ ಹೋದ ವಾರದಲ್ಲೇ ಪರರ ಕೈ ಕಾಯುವಂತಾಗುತ್ತಾನೆ. ಬ್ಯಾಂಕಿನ ಪಾಸ್‌ಪುಸ್ತಕ ಎಲ್ಲಿದೆಯೆಂದು ತಿಳಿಯದ ಹೆಂಗಸಿನ ಪಾಡೂ ಅದೇ. 1995ರ ನೌಕರರ ಪಿಂಚಣಿ ಯೋಜನೆಗೆ ಸೇರಿದ ಕಾರ್ಮಿಕನು ತೀರಿಕೊಂಡರೆ ಪತ್ನಿಗೆ ಪಿಂಚಣಿ ಸಲ್ಲುತ್ತದೆ. ಈ ಯೋಜನೆಯಲ್ಲಿ ತಿಂಗಳಿಗೆ ಕನಿಷ್ಠ 1,000 ರೂಪಾಯಿ ಎಂದು 2014ರಲ್ಲಿ ನಿಗದಿಯಾಯಿತು. ದೊಡ್ಡ ಮೊತ್ತವೇನಲ್ಲ. ಆದರೂ ಅರ್ಜಿ ಹಾಕಬೇಕೆಂಬುದೇ ಆಕೆಗೆ ಗೊತ್ತಿಲ್ಲದಿದ್ದರೆ ಅದೂ ಕೈಗೆ ಬಾರದು. ಆದ್ದರಿಂದ ಅಡುಗೆಮನೆಯನ್ನು ಆತನೂ ಕಾಗದಪತ್ರಗಳನ್ನು ಆಕೆಯೂ ಇಬ್ಬರೂ ಇರುವಾಗಲೇ ಕಲಿತುಕೊಳ್ಳಬೇಕು. ಇದರಲ್ಲಿ ಯಾರೂ ಸಣ್ಣವರಾಗುವುದಿಲ್ಲ. ಒಬ್ಬರ ಮೇಲೊಬ್ಬರಿಗಿರುವ ಪ್ರೀತಿಯನ್ನು ಈ ವಯಸ್ಸಿನಲ್ಲಿ ತೋರಿಸುವ ದಾರಿಯೇ ಇದು.

ಹರಿಹರದ ಹರಿಹರೇಶ್ವರನನ್ನು ನೀವೆಲ್ಲ ಕಂಡಿದ್ದೀರಿ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಗುಡಿ ಅದು. ಒಂದೇ ಮೂರ್ತಿಯಲ್ಲಿ ಬಲಕ್ಕೆ ಶಿವ, ಎಡಕ್ಕೆ ವಿಷ್ಣು. ಆದರೂ ಶಿವನ ಲಾಂಛನ ಶಿವನಿಗೆ, ವಿಷ್ಣುವಿನದು ವಿಷ್ಣುವಿಗೆ; ಒಬ್ಬರದನ್ನು ಇನ್ನೊಬ್ಬರು ಕಸಿದುಕೊಂಡಿಲ್ಲ. ಮತಗಳ ಸಾಮರಸ್ಯಕ್ಕೆ ಉದಾಹರಣೆಯಾಗಿ ಆ ಮೂರ್ತಿಯನ್ನು ನಾವು ಯಾವಾಗಲೂ ಹೇಳುತ್ತೇವೆ. ನಲವತ್ತು ವರ್ಷ ಒಂದೇ ಸೂರಿನಡಿ ಬಾಳಿದ ಇಬ್ಬರಿಗೂ ಅದು ಹೊಂದುತ್ತದೆ ಎಂದು ನನಗೆ ತೋರುತ್ತದೆ. ಆಕೆಗೂ ತನ್ನದೇ ಒಂದು ಸಂಜೆ, ತನ್ನದೇ ಗೆಳತಿಯರು ಇರಲಿ. ಆತನಿಗೂ ತನ್ನ ಕಟ್ಟೆ, ತನ್ನ ಪತ್ರಿಕೆ ಇರಲಿ. ಉಳಿದ ಹೊತ್ತು ಇಬ್ಬರದೂ ಆಗಲಿ.

ಇಲ್ಲಿರುವ ಹಿರಿಯ ಗಂಡಸರಲ್ಲಿ ನನ್ನದೊಂದು ಸಣ್ಣ ಕೋರಿಕೆ. ವಾರಕ್ಕೆ ಒಂದು ಹೊತ್ತಿನ ಅಡುಗೆ ನಿಮ್ಮದಾಗಲಿ. ಉಪ್ಪು ಹೆಚ್ಚಾದರೂ ಚಿಂತೆಯಿಲ್ಲ. ಆ ಹೊತ್ತಿನಲ್ಲಿ ಆಕೆ ಏನು ಮಾಡುತ್ತಾರೆಂದು ಮಾತ್ರ ಕೇಳಬೇಡಿ.